ಮಳೆಗಾಲದಲ್ಲಿ ದಿನ ತುಂಬುವ ಚೊಚ್ಚಲ ಬಸುರಿಗೆ

ಪ್ರಶ್ನೆ: ನನಗೆ 27 ವರ್ಷ. ಬೆಳಗಾವಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಯಜಮಾನರು ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ನಾನೀಗ ಚೊಚ್ಚಲ ಬಸುರಿ, ಹತ್ತನೆಯ ವಾರ. ಆಗಸ್ಟ್ ಎರಡನೆಯ ವಾರಕ್ಕೆ ದಿನ ತುಂಬುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಅವ್ವನ ಹಟ. ತವರು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಹಳ್ಳಿ. ಅತ್ತೆಯವರು ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಒಳ್ಳೆಯ ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸೋಣ ಎನ್ನುತ್ತಾರೆ. ನಾನು ದಿನಾ ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಮನೆ ಹೆರಿಗೆ, ನೀರಿನಲ್ಲಿ ಹೆರಿಗೆ, ನೋವಿಲ್ಲದ ಹೆರಿಗೆ ಎಂದೆಲ್ಲ ಓದುತ್ತೇನೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಮೂರು ವರ್ಷದ ಹಿಂದೆ ಚಿಗವ್ವನ ಮಗಳಿಗೆ ಹೆರಿಗೆಯ ನಂತರ ರಕ್ತ ನಿಲ್ಲದೆ ರಾತ್ರಿ ಬೇರೆ ಊರಿಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಬದುಕಿದ್ದಾಳೆ. ಇದನ್ನು ಯಜಮಾನರಿಗೆ ಹೇಳಿಲ್ಲ. ನಾನು ಯಾವ ಬಗೆಯ ಹೆರಿಗೆಯನ್ನು ಆರಿಸಿಕೊಳ್ಳಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಆಸ್ಪತ್ರೆ, ಅವ್ವ, ಅತ್ತೆ, ಮೊಬೈಲು ಎಲ್ಲದರ ಬಗ್ಗೆಯೂ ಸಾಕಷ್ಟು ಬರೆದಿದ್ದೀರಿ. ಚಿಗವ್ವನ ಮಗಳ ಬಗ್ಗೆ ಮಾತ್ರ ಎರಡು ಸಾಲು, ಅದೂ ಕೊನೆಗೆ. ನಾನು ಆ ಎರಡು ಸಾಲಿನಿಂದಲೇ ಆರಂಭಿಸುತ್ತೇನೆ. ಅಂದು ರಾತ್ರಿ ಗಾಡಿಯಲ್ಲಿ ಕುಳಿತು ಅವಳ ಮುಖ ಬಿಳುಚಿಕೊಳ್ಳುವುದನ್ನು ನೋಡಿದವರು ನೀವು. ಈಗ ನಿದ್ದೆಗೆಟ್ಟು ಓದುತ್ತಿರುವವರೂ ನೀವೇ. ಆ ಭಯಕ್ಕೆ ಉತ್ತರ ಸಿಗುವವರೆಗೆ ಯಾವ ಬಗೆಯ ಹೆರಿಗೆಯ ವಿವರವನ್ನು ಎಷ್ಟು ಓದಿದರೂ ನಿಮಗೆ ಸಮಾಧಾನವಾಗುವುದಿಲ್ಲ.

ಅವಳಿಗೆ ಏನಾಗಿತ್ತು ಎಂಬುದನ್ನು ನಿಮಗೆ ಯಾರೂ ಬಿಡಿಸಿ ಹೇಳಿರಲಾರರು. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಾಗಬೇಕು. ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಆ ಬಿಗಿತದಿಂದಲೇ ಮುಚ್ಚಿಕೊಳ್ಳುತ್ತವೆ. ಹೆಚ್ಚಿನ ರಕ್ತಸ್ರಾವಗಳಲ್ಲಿ ಗರ್ಭಕೋಶ ಸಡಿಲವಾಗಿಯೇ ಉಳಿದಿರುತ್ತದೆ. ಇದನ್ನು ತಡೆಯಲು ಮಗು ಹುಟ್ಟಿದ ಕೂಡಲೇ ತಾಯಿಗೆ ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಮದ್ದನ್ನು 10 ಯೂನಿಟ್ ಕೊಡುವುದು ಇಂದು ಎಲ್ಲ ಕಡೆಯ ರೂಢಿ. ಈ ವಿಷಯದಲ್ಲಿ ನಿಮ್ಮ ಜಿಲ್ಲೆಯ ತಾಯಂದಿರ ಋಣ ಲೋಕದ ಮೇಲಿದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಊರಿನ ದಾದಿಯರು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದಾಗ ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ ಆರೂವರೆಯ ಆಸುಪಾಸಿಗೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆದರೆ ಮದ್ದು ಕೊಟ್ಟರೂ ಕೆಲವರಿಗೆ ರಕ್ತ ನಿಲ್ಲುವುದಿಲ್ಲ, ಮತ್ತು ಅದು ಯಾರಿಗೆ ಎಂದು ಮೊದಲೇ ಹೇಳಲು ಬಾರದು. ಒಂಬತ್ತು ತಿಂಗಳೂ ಏನೂ ತೊಂದರೆಯಿಲ್ಲದೆ ಓಡಾಡಿಕೊಂಡಿದ್ದ ಹೆಣ್ಣುಮಗಳಿಗೂ ಹೀಗಾಗಬಹುದು. ಆಗ ಅರ್ಧ ಗಂಟೆಯೂ ದೊಡ್ಡದು. ಆದ್ದರಿಂದ ನೀವು ಯಾವ ಬಗೆಯ ಹೆರಿಗೆ ಎಂದು ಕೇಳುವ ಮೊದಲು, ಕೆಟ್ಟ ಗಳಿಗೆ ಬಂದರೆ ನನ್ನನ್ನು ಮತ್ತೆ ಗಾಡಿಗೆ ಹತ್ತಿಸಬೇಕಾಗುತ್ತದೆಯೇ ಎಂದು ಕೇಳಿಕೊಳ್ಳಿ. ರಾತ್ರಿಯೂ ಹೆರಿಗೆ ವೈದ್ಯರು ಇರುವ, ಅರಿವಳಿಕೆ ತಜ್ಞರು ಕರೆದ ಕೂಡಲೇ ಬರುವ, ರಕ್ತ ಅಲ್ಲಿಯೇ ಸಿಗುವ, ನವಜಾತ ಶಿಶುಗಳ ಘಟಕವಿರುವ ಜಾಗವಾದರೆ ಆ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಬೆಳಗಾವಿಯಲ್ಲಿ ಸರಕಾರಿ ಬಿಮ್ಸ್ ಆಸ್ಪತ್ರೆ ಇದೆ, ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆಯಿದೆ, ಇನ್ನೂ ಕೆಲವು ಇವೆ. ಯಾವುದನ್ನೂ ನಾನು ಶಿಫಾರಸು ಮಾಡುತ್ತಿಲ್ಲ. ಈ ನಾಲ್ಕು ಮಾತನ್ನು ಎದುರಿಗೆ ಕುಳಿತು ಕೇಳಿ, ಕಣ್ಣಾರೆ ನೋಡಿ, ನೀವೇ ಆರಿಸಿಕೊಳ್ಳಿ. ಹಣದ ಚಿಂತೆಯಿದ್ದರೆ, 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ ಎಂಬುದು ನೆನಪಿರಲಿ.

ಇನ್ನು ತವರಿನ ಮಾತು. ಚೊಚ್ಚಲ ಮಗಳನ್ನು ಕುಬುಸ ಮಾಡಿ ಕರೆದೊಯ್ಯುವುದು ನಮ್ಮ ಕಡೆ ತಾಯಿಗೆ ಎಂಥ ಹೆಮ್ಮೆ ಎಂಬುದನ್ನು ನಾನು ಬಲ್ಲೆ. ಅದನ್ನು ಹಳೆಯ ಕಾಲದ ಹಟ ಎಂದು ತಳ್ಳಿಹಾಕಬೇಡಿ. ಆದರೆ ಲೆಕ್ಕ ಹಾಕಿ ನೋಡಿ. ಆಗಸ್ಟ್ ಎಂದರೆ ಘಟಪ್ರಭೆ ತುಂಬಿ ಹರಿಯುವ ತಿಂಗಳು. 2019ರ ಆಗಸ್ಟಿನಲ್ಲಿ ಗೋಕಾಕ, ಮುಧೋಳ, ಜಮಖಂಡಿಯ ಕಡೆ ಎಷ್ಟೋ ಹಳ್ಳಿಗಳ ದಾರಿಯೇ ಕಡಿದುಹೋಗಿತ್ತು ಎಂಬುದನ್ನು ನದಿಯ ದಂಡೆಯವರಾದ ನಿಮ್ಮ ಅವ್ವನಿಗೆ ಯಾರೂ ನೆನಪಿಸಬೇಕಾಗಿಲ್ಲ. ಸೇತುವೆಯ ಮೇಲೆ ನೀರು ಬಂದ ರಾತ್ರಿ ಬೇನೆ ಶುರುವಾದರೆ 108ರ ಗಾಡಿಯೂ ಆಚೆ ದಂಡೆಯಲ್ಲೇ ನಿಲ್ಲಬೇಕಾಗುತ್ತದೆ. ದಿನ ತುಂಬುವುದು ಫೆಬ್ರುವರಿಯಲ್ಲಾಗಿದ್ದರೆ ಬಾಗಲಕೋಟೆಯಲ್ಲಿ ಒಳ್ಳೆಯ ಆಸ್ಪತ್ರೆ ನೋಡಿಕೊಂಡು ತವರಿನಲ್ಲಿರಿ ಎಂದೇ ಹೇಳುತ್ತಿದ್ದೆ.

ಮನೆ ಹೆರಿಗೆಯ ಬಗ್ಗೆ ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ನೆಲದ ಮಾತು. ಇಂಗ್ಲೆಂಡಿನಲ್ಲಿ ಯಾವ ತೊಡಕೂ ಇಲ್ಲದ ಸುಮಾರು 64,000 ಬಸುರಿಯರ ಹೆರಿಗೆಗಳನ್ನು ಅಭ್ಯಸಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಮನೆಗೆ ಬರುವವರು ಪೂರ್ಣ ತರಬೇತಿ ಪಡೆದ ಸೂಲಗಿತ್ತಿ ದಾದಿಯರು. ಆಸ್ಪತ್ರೆಯ ಜೊತೆ ಅವರಿಗೆ ನೇರ ಸಂಬಂಧವಿರುತ್ತದೆ. ಅಷ್ಟಿದ್ದೂ ಮನೆಯಲ್ಲೇ ಹೆರಬೇಕೆಂದಿದ್ದ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು, ಶಿಶುವಿಗೆ ಅಪಾಯವೂ ತುಸು ಹೆಚ್ಚೇ ಕಂಡುಬಂತು. ಆ ವ್ಯವಸ್ಥೆಯಿಲ್ಲದ ನಮ್ಮಲ್ಲಿ ನಿಮಗೆ ಅದನ್ನು ನಾನು ಹೇಳಲಾರೆ. ನೀರಿನಲ್ಲಿ ಹೆರಿಗೆಯ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ.

ಅತ್ತೆಯವರ ಸಿಸೇರಿಯನ್ ಮಾತಿಗೆ ಬರೋಣ. ಮಗು ಅಡ್ಡವಾಗಿದ್ದಾಗ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಾಗ, ಮಗುವಿನ ಎದೆಬಡಿತ ಇಳಿದಾಗ ಸಿಸೇರಿಯನ್ ಎರಡು ಜೀವ ಉಳಿಸುತ್ತದೆ. ಅಗತ್ಯ ಬಿದ್ದು ಮಾಡಿಸಿಕೊಂಡರೆ ಅದು ಸೋಲೂ ಅಲ್ಲ, ನಿಮ್ಮ ತಾಯ್ತನಕ್ಕೆ ಕುಂದೂ ಅಲ್ಲ. ಆದರೆ ಅಗತ್ಯವಿಲ್ಲದೆ ಕೊಯ್ದರೆ ಆ ಗಾಯ ಮುಂದಿನ ಬಸಿರಿನ ಮೇಲೂ ಉಳಿಯುತ್ತದೆ. ಮಾಸು ಆ ಗಾಯಕ್ಕೇ ಅಂಟಿ ಬೆಳೆಯುವ ಅಪಾಯ ಪ್ರತಿ ಸಿಸೇರಿಯನ್‌ಗೂ ಹೆಚ್ಚುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರರಲ್ಲಿ 14 ಹೆರಿಗೆಗಳು ಸಿಸೇರಿಯನ್ ಆದರೆ ಖಾಸಗಿಯಲ್ಲಿ 47. ಗರ್ಭಿಣಿಯರ ದೇಹಗಳು ಅಷ್ಟೊಂದು ಬೇರೆ ಬೇರೆ ಇರಲಾರವು. ನಕ್ಷತ್ರದ ವಿಷಯದಲ್ಲಿ ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. 39 ವಾರ ತುಂಬುವ ಮೊದಲು ನಿಗದಿ ಮಾಡಿ ತೆಗೆದ ಕೂಸುಗಳಿಗೆ ಉಸಿರಾಟದ ತೊಂದರೆ ಹೆಚ್ಚು ಎಂಬ ಒಂದೇ ಮಾತನ್ನು ಡಾಕ್ಟರ ಬಾಯಿಂದ ಅವರಿಗೆ ಕೇಳಿಸಿ. ಮೊಮ್ಮಗುವಿನ ಉಸಿರಿಗಿಂತ ಯಾವ ನಕ್ಷತ್ರವೂ ದೊಡ್ಡದಲ್ಲವೆಂದು ಅವರಿಗೂ ಗೊತ್ತಿದೆ.

ನೋವಿಲ್ಲದ ಹೆರಿಗೆ ಎಂದು ನೀವು ಓದಿದ್ದು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು. ಅದರಿಂದ ಸಿಸೇರಿಯನ್ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಬೇಕೆನಿಸಿದರೆ ಕೇಳುವುದರಲ್ಲಿ ನಾಚಿಕೆ ಬೇಡ. ಅರಿವಳಿಕೆ ತಜ್ಞರು ರಾತ್ರಿಯೂ ಸಿಗುತ್ತಾರೆಯೇ ಎಂಬುದಷ್ಟೇ ಪ್ರಶ್ನೆ. ಇದನ್ನು ನೀವು ಈಗಲೇ ತೀರ್ಮಾನಿಸಬೇಕಾಗಿಲ್ಲ.

ನನ್ನ ಮಾತೊಂದನ್ನು ಹೇಳಲೇಬೇಕು. ನನ್ನ ಮೊದಲ ಹೆರಿಗೆಯಲ್ಲಿ ಬಾಗಿಲ ಹೊರಗೆ ಅವ್ವ, ಒಳಗೆ ನಾನು. ಒಂಬತ್ತು ಗಂಟೆ ಅಂಗಾತ ಮಲಗಿಸಿದ್ದರು. ಏಳಲು ಬಿಡಲಿಲ್ಲ, ನೀರು ಕೊಡಲಿಲ್ಲ, ಏನು ನಡೆಯುತ್ತಿದೆ ಎಂದು ಯಾರೂ ಹೇಳಲಿಲ್ಲ. ನಸುಕಿಗೆ ಪಾಳಿ ಬದಲಾಗಿ ಬಂದ ಒಬ್ಬ ಸಿಸ್ಟರ್ ನನ್ನ ಕೈ ಹಿಡಿದು, ಎಡಮಗ್ಗುಲಿಗೆ ತಿರುಗಿಸಿ, ‘ಅರ್ಧ ದಾರಿ ದಾಟೀಯವ್ವಾ’ ಎಂದರು. ಆ ಕೈ ಇಂದಿಗೂ ನೆನಪಿದೆ. ಹೆರಿಗೆಯ ಹೊತ್ತಿಗೆ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 26 ಅಧ್ಯಯನಗಳ ಪರಿಶೀಲನೆ ಹೇಳಿದೆ. ಬೇನೆಯ ಹೊತ್ತಿನಲ್ಲಿ ಓಡಾಡಲು, ತಮಗೆ ಹಿತವಾದ ಭಂಗಿಯಲ್ಲಿರಲು ಬಿಡಬೇಕೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2016ರಲ್ಲೇ ಸರಕಾರಿ ಹೆರಿಗೆ ಕೋಣೆಗಳಲ್ಲಿ ಒಬ್ಬ ಸಂಗಾತಿಗೆ ಅವಕಾಶ ಕೊಟ್ಟಿದೆ, ಆಕೆ ಸ್ವತಃ ಹೆತ್ತ ಅನುಭವವಿರುವ ಬಂಧು ಆಗಿರಬೇಕೆಂದೂ ಹೇಳಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ನೀವು ಕೇಳಬೇಕಾದ ಐದನೆಯ ಪ್ರಶ್ನೆ: ನನ್ನ ಅವ್ವನನ್ನು ಒಳಗೆ ಬಿಡುತ್ತೀರಾ? ಖಾಸಗಿಯವರು ಹಿಂದೆ ಮುಂದೆ ನೋಡಿದರೆ, ಆ ಒಂದು ಕಾರಣಕ್ಕೇ ಬೇರೆ ಆಸ್ಪತ್ರೆ ನೋಡಿದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವ್ವನ ಜೊತೆ ಮಾತಾಡಲು ದಾರಿಯೂ ಇಲ್ಲಿಯೇ ಇದೆ. ‘ತವರಿಗೆ ಬರುವುದಿಲ್ಲ’ ಎಂದು ಶುರು ಮಾಡಬೇಡಿ. ಕುಬುಸ ತವರಿನಲ್ಲೇ ಆಗಲಿ. ಮೇ ತಿಂಗಳ ರಜೆಯಲ್ಲಿ ಹೋಗಿ, ಮಳೆ ಬಲಿಯುವ ಮುನ್ನ, ಜುಲೈ ಮೊದಲ ವಾರದೊಳಗೆ ಅವ್ವನನ್ನು ಕರೆದುಕೊಂಡೇ ಬೆಳಗಾವಿಗೆ ಬನ್ನಿ. ಹೆರಿಗೆ ಕೋಣೆಯಲ್ಲಿ ನನ್ನ ತಲೆಯ ಹತ್ತಿರ ನೀನೇ ಇರಬೇಕು ಎಂದು ಅವರಿಗೆ ಹೇಳಿ. ಬಾಣಂತನಕ್ಕೆ ಮಳೆ ಇಳಿದ ಮೇಲೆ, ಕೂಸಿನ ಮೊದಲ ಲಸಿಕೆಗಳು ಮುಗಿದ ಮೇಲೆ ತವರಿಗೆ ಹೋಗಬಹುದು. ಬೀಗರ ಮನೆಯಲ್ಲಿ ಅಷ್ಟು ದಿನ ಉಳಿಯಲು ಅವ್ವನಿಗೆ ಸಂಕೋಚವಾಗುತ್ತದೆ, ಅದು ಸಹಜ. ಅದಕ್ಕೆ ಅತ್ತೆಯವರೇ ಹೋಗಿ ಎಲೆ ಅಡಿಕೆ ಇಟ್ಟು ಕರೆಯಬೇಕು; ಅತ್ತೆಯವರನ್ನು ಒಪ್ಪಿಸುವ ಕೆಲಸ ನಿಮ್ಮ ಯಜಮಾನರದು, ನಿಮ್ಮದಲ್ಲ.

ಈ ತಿಂಗಳು ನೀವು ಮಾಡಬೇಕಾದ ಕೆಲಸ ಸ್ವಲ್ಪವೇ ಇದೆ. ಫೋಲಿಕ್ ಆಮ್ಲದ ಮಾತ್ರೆ ನಿಲ್ಲಿಸಬೇಡಿ. 11ರಿಂದ 13 ವಾರ 6 ದಿನದೊಳಗೆ ಮಾಡುವ ಸ್ಕ್ಯಾನಿಂಗ್‌ಗೆ ದಿನ ಗೊತ್ತು ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿ, ಎಲ್ಲಿ ಹೆರಿಗೆಯಾದರೂ ಅದು ಕೈಯಲ್ಲಿರಲಿ. ಹಿಮೋಗ್ಲೋಬಿನ್ ನೋಡಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೈಯಲ್ಲಿ ರಕ್ತ ಕಡಿಮೆಯಿರುವ ಬಾಣಂತಿಗೆ ಬೇರೆಯವರಷ್ಟೇ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ. 11ಕ್ಕಿಂತ ಕಡಿಮೆ ಬಂದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಸರಿಯಿದ್ದರೂ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ, ಅದನ್ನು ಚಹಾದ ಜೊತೆ ನುಂಗಬೇಡಿ. ಚಿಗವ್ವನ ಮಗಳ ಆ ರಾತ್ರಿಗೆ ಎದುರಾಗಿ ನೀವು ಇಂದೇ ಮಾಡಬಹುದಾದ ಕೆಲಸ ಇದು, ಮೊಬೈಲಿನಲ್ಲಿ ಓದುವುದಕ್ಕಿಂತ ಎಷ್ಟೋ ಮೇಲು. ಆದರೆ ಹೊಟ್ಟೆನೋವಿನ ಜೊತೆ ರಕ್ತ ಕಾಣಿಸಿಕೊಂಡರೆ ನನ್ನ ಅಂಕಣಕ್ಕಾಗಲಿ, ಮೊಬೈಲಿಗಾಗಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಗೆ ನಿಮ್ಮ ಯಜಮಾನರ ಮಾತು. ‘ಡಾಕ್ಟರು ಹೇಳಿದ ಹಾಗೆ ಮಾಡೋಣ’ ಎಂದು ಅವರು ಸುಮ್ಮನಿರುತ್ತಿದ್ದರೆ ಅವರಿಗೆ ಕಾಳಜಿಯಿಲ್ಲವೆಂದು ತಿಳಿಯಬೇಡಿ. ನೀವು ಯಾವುದಕ್ಕೆ ಅಂಜುತ್ತಿದ್ದೀರಿ ಎಂಬುದೇ ಅವರಿಗೆ ಗೊತ್ತಿಲ್ಲವಲ್ಲ. ಅವರಿಗೆ ಹಗಲು ಪಾಳಿ ಇರುವ ವಾರ ನೋಡಿ, ಊಟವಾದ ಮೇಲೆ, ಆ ಗಾಡಿಯ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ. ಅಳು ಬಂದರೆ ಬರಲಿ. ನಂತರ ಸ್ಕ್ಯಾನಿಂಗ್ ದಿನ ರಜೆ ಹಾಕಿ ಜೊತೆಗೆ ಬರಲು ಕೇಳಿ. ಅಂದೇ ಇಬ್ಬರೂ ಹೆರಿಗೆ ವಾರ್ಡಿನ ಸಿಸ್ಟರನ್ನು ಕಂಡು, ರಾತ್ರಿ ಎರಡು ಗಂಟೆಗೆ ಇಲ್ಲಿ ಯಾರಿರುತ್ತಾರೆ ಎಂದು ಕೇಳಿಕೊಂಡು ಬನ್ನಿ.