ಎಫ್‌ಎನ್‌ಪಿ ಆಗುವ ಮುನ್ನ, ಏಜೆಂಟರಿಗೆ ಹಣ ಕಟ್ಟುವ ಮುನ್ನ

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಮೂರು ವರ್ಷ ಐಸಿಯು ನರ್ಸ್ ಆಗಿದ್ದೇನೆ. ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಅಮೆರಿಕದ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ (ಎಫ್‌ಎನ್‌ಪಿ, ಅಂದರೆ ರೋಗ ಗುರುತಿಸಿ ಔಷಧ ಬರೆಯುವ ನರ್ಸ್) ಪದವಿ ಪಡೆದು, ಅಲ್ಲಿನ ಐಸಿಯು ಸೇರಬಹುದೆಂದು ಏಜೆಂಟರೊಬ್ಬರು ಹೇಳುತ್ತಾರೆ. ಮುಂಗಡ ಕಟ್ಟಲೇ?

ಉತ್ತರ: ಬೇಡ. ಇದೇ ಪ್ರಶ್ನೆ, ಊರಿನ ಹೆಸರಷ್ಟೇ ಬದಲಾಗಿ, ನನಗೆ ಮೇಲಿಂದ ಮೇಲೆ ಬರುತ್ತದೆ. ಆ ಮನುಷ್ಯ ಒಂದೇ ಉಸಿರಿನಲ್ಲಿ ಎರಡು ಸುಳ್ಳು ಹೇಳಿದ್ದಾನೆ.

ಪಾಠವನ್ನು ಆನ್‌ಲೈನ್‌ನಲ್ಲಿ ಕೇಳಬಹುದು, ಸರಿ. ಅಳುವ ಮಗುವಿನ ಕಿವಿಯೊಳಗೆ ಇಣುಕುವುದನ್ನು ಯಾವ ಲ್ಯಾಪ್‌ಟಾಪ್ ಕಲಿಸುತ್ತದೆ? ಮೊದಲು ಅಮೆರಿಕದ ಒಂದು ರಾಜ್ಯದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕು. ಅದಕ್ಕೆ ಅಂಕಪಟ್ಟಿಗಳ ಮೌಲ್ಯಮಾಪನ ಮತ್ತು ಎನ್‌ಕ್ಲೆಕ್ಸ್ ಎಂಬ ನರ್ಸ್ ಲೈಸೆನ್ಸ್ ಪರೀಕ್ಷೆ. ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು, ಯಾರ ಹಂಗೂ ಬೇಡ. ವೀಸಾ ಬೇರೆಯದೇ ತಲೆನೋವು. ಗ್ರೀನ್ ಕಾರ್ಡ್ ಸರದಿಯಲ್ಲಿ ಭಾರತೀಯರು ವರ್ಷಗಟ್ಟಲೆ ಕಾಯುತ್ತಾರೆ. ಆಮೇಲೆ ಸ್ನಾತಕೋತ್ತರ ಪದವಿ, ಅದರೊಳಗೆ ಮಾರ್ಗದರ್ಶಕರ ಕಣ್ಣೆದುರಿನಲ್ಲೇ ರೋಗಿಗಳನ್ನು ನೋಡುವ ನೂರಾರು ಗಂಟೆ. ಕನಿಷ್ಠ 500 ಗಂಟೆ ಇದ್ದದ್ದನ್ನು 2022ರ ರಾಷ್ಟ್ರೀಯ ಮಾನದಂಡ 750ಕ್ಕೆ ಏರಿಸಿದೆ. ನನ್ನನ್ನು ಕೇಳಿದರೆ ಅದೂ ಸಾಲದು. ಎಷ್ಟೋ ಆನ್‌ಲೈನ್ ಕಾಲೇಜುಗಳು ಮಾರ್ಗದರ್ಶಕರನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಲಿ ಎಂದು ಕೈಬಿಡುತ್ತವೆ. ಶುಲ್ಕ ಎಷ್ಟೆಂದು ವಿಚಾರಿಸುವ ಮೊದಲು ಇದನ್ನು ವಿಚಾರಿಸಿ. ಕೊನೆಗೆ ಎಎನ್‌ಸಿಸಿ ಅಥವಾ ಎಎಎನ್‌ಪಿಸಿಬಿ ಎಂಬ ಪ್ರಮಾಣೀಕರಣ ಮಂಡಳಿಗಳಲ್ಲೊಂದರ ಪರೀಕ್ಷೆ, ರಾಜ್ಯದ ಪರವಾನಗಿ.

ಇನ್ನು ಐಸಿಯು. ಎಫ್‌ಎನ್‌ಪಿಗೆ ತರಬೇತಿ ಸಿಗುವುದು ಹೊರರೋಗಿಗಳನ್ನು ನೋಡಲು: ಹಸುಳೆಯಿಂದ ಅಜ್ಜಿಯವರೆಗೆ, ಮಧುಮೇಹ, ರಕ್ತದೊತ್ತಡ, ಉಬ್ಬಸ, ಲಸಿಕೆ, ಗರ್ಭನಿರೋಧಕ. ಪರೀಕ್ಷಿಸಿ, ರೋಗ ಗುರುತಿಸಿ, ಔಷಧ ಬರೆಯಬೇಕು. ಬೆಳಿಗ್ಗೆಯಿಂದ ನೋಡಿದ ರೋಗಿಗಳ ಟಿಪ್ಪಣಿಗಳನ್ನು ಸಂಜೆ ಮುಗಿಸಬೇಕು. ಈ ಕೊನೆಯ ಕೆಲಸದ ಬಗ್ಗೆ ಯಾವ ಜಾಹೀರಾತೂ ಬಾಯಿ ಬಿಡುವುದಿಲ್ಲ. ವೆಂಟಿಲೇಟರ್ ಪಕ್ಕದ ಕೆಲಸವೇ ನಿಮಗೆ ಇಷ್ಟವಾದರೆ ‘ಅಕ್ಯೂಟ್ ಕೇರ್’ ಎಂಬ ಬೇರೆ ಕೋರ್ಸ್ ಇದೆ. ಪ್ರಮಾಣೀಕರಣವೂ ಬೇರೆ. ತಪ್ಪು ಕೋರ್ಸಿಗೆ ಸೇರಿ, ಪದವಿ ಕೈಗೆ ಬಂದ ಮೇಲೆ ನನಗೆ ಪತ್ರ ಬರೆದರೆ ನಾನೇನು ಮಾಡಲಿ?

ಪ್ರಶ್ನೆ: ವೈದ್ಯರ ಅಧೀನದಲ್ಲೇ ಇರಬೇಕೇ?

ಉತ್ತರ: ರಾಜ್ಯವನ್ನು ಅವಲಂಬಿಸಿದೆ. ಅರಿಜೋನಾದಲ್ಲಿ ಬೇಕಿಲ್ಲ; ಟೆಕ್ಸಾಸಿನಲ್ಲಿ ಔಷಧ ಬರೆಯಲು ವೈದ್ಯರೊಂದಿಗೆ ಲಿಖಿತ ಒಪ್ಪಂದ ಬೇಕು.

ಪ್ರಶ್ನೆ: ಎಫ್‌ಎನ್‌ಪಿ ಎಂದರೆ ಎಂಬಿಬಿಎಸ್ ಸಿಗದವರು ಹಿಡಿಯುವ ಅಡ್ಡದಾರಿಯಂತೆ, ನಿಜವೇ?

ಉತ್ತರ: 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಪ್ರಾಕ್ಟಿಷನರ್ ತರಬೇತಿಯನ್ನು ಆರಂಭಿಸಿದವರು ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್. ವೈದ್ಯರೇ ಕೈಜೋಡಿಸಿ ಕಟ್ಟಿದ್ದು ಅಡ್ಡದಾರಿ ಹೇಗಾಗುತ್ತದೆ?

ಪ್ರಶ್ನೆ: ಗಂಡಸರಿಗೆ ಅವಕಾಶ ಇದೆಯೇ?

ಉತ್ತರ: ಇದೆ.

ಪ್ರಶ್ನೆ: ಎಫ್‌ಎನ್‌ಪಿಯಾಗಿ ಹಿಂದಿರುಗಿ ಊರಿನಲ್ಲಿ ಕ್ಲಿನಿಕ್ ತೆರೆಯಬಹುದೇ?

ಉತ್ತರ: ಅಮೆರಿಕದ ರಾಜ್ಯವೊಂದರ ಪರವಾನಗಿ ಕರ್ನಾಟಕದಲ್ಲಿ ನಡೆಯುವುದಿಲ್ಲ. ಭಾರತದಲ್ಲಿರುವ ನರ್ಸ್ ಪ್ರಾಕ್ಟಿಷನರ್ ಕೋರ್ಸ್‌ಗಳು ಮುಖ್ಯವಾಗಿ ತೀವ್ರ ನಿಗಾ ಮತ್ತು ಹೆರಿಗೆಗೆ ಸಂಬಂಧಿಸಿದವು. ಬೋರ್ಡು ತೂಗುಹಾಕಿ, ಜ್ವರಕ್ಕೂ ಸುಸ್ತಿಗೂ ಒಂದೇ ಇಂಜೆಕ್ಷನ್ ಚುಚ್ಚುವ ನಕಲಿ ವೈದ್ಯರು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ.