ಫಾರಂನಲ್ಲಿ ಬರೆಯದೆ ಹೋದ ಎರಡು ಚಮಚ

ಗುರುತು ಸಿಗದಂತೆ ಊರು, ಮನೆತನ ಮತ್ತು ಆಟದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

ಆಗಸ್ಟ್ ಕೊನೆಯ ವಾರ. ಮಡಿಕೇರಿಯಲ್ಲಿ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮೊದಲ ದಿನ ತಾಯಿ ಒಬ್ಬರೇ ಬಂದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಕುರ್ಚಿಯಲ್ಲಿ ಕೂರುವ ಮೊದಲೇ, "ಮೇಡಂ, ನನ್ನ ಮಗನ ಅನ್ನಕ್ಕೆ ನಾನೇ ಮಣ್ಣು ಹಾಕಿದೆ" ಎಂದರು.

ಮಗನಿಗೆ ಇಪ್ಪತ್ತೆರಡು ವರ್ಷ, ಹಾಕಿ ಆಟಗಾರ. ಬೆಂಗಳೂರಿನ ಶಿಬಿರದಲ್ಲಿದ್ದ. ವಿದೇಶದ ಟೂರ್ನಿಗೆ ಹೊರಡಬೇಕಿದ್ದ ಸಂಭವನೀಯರ ಪಟ್ಟಿಯಲ್ಲಿ ಹೆಸರಿತ್ತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದಿಂದ, ಅಂದರೆ ನಾಡಾದಿಂದ, ಅವನಿಗೆ ಪತ್ರ ಬಂದಿತ್ತು: ಮೂತ್ರದ ಮಾದರಿಯಲ್ಲಿ ಟರ್ಬ್ಯುಟಲಿನ್ ಸಿಕ್ಕಿದೆ. ಹುಡುಗ ಮನೆಗೆ ಬಂದವನು ಮೊಬೈಲ್ ಆರಿಸಿಟ್ಟು ಕಾಫಿ ಗೋದಾಮಿನ ಮೂಟೆಗಳ ಮೇಲೆ ಕೂತುಬಿಟ್ಟಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಅವ್ವನ ಮುಖ ನೋಡುತ್ತಿರಲಿಲ್ಲ.

ಆ ದಿನ ನಾನೊಂದು ತಪ್ಪು ಮಾಡಿದೆ. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದುಬಿಟ್ಟೆ. ಆ ತಾಯಿಗೆ ತನ್ನ ಕೈಯಿಂದ ಏನು ನಡೆಯಿತೆಂದು ಚೆನ್ನಾಗಿ ಗೊತ್ತಿತ್ತು. ನಾನು ಹಾಗೆಂದ ಮೇಲೆ ಅವರು ತಲೆಯಾಡಿಸುತ್ತಾ ಕೂತರೇ ಹೊರತು ನನ್ನ ಮಾತು ಕಿವಿಗೆ ಬೀಳುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮಗನನ್ನೂ ಕರೆತಂದರು. ನಡೆದದ್ದು ಇಷ್ಟು. ಜುಲೈ ಕೊನೆಗೆ ರಜೆಯಲ್ಲಿ ಮನೆಗೆ ಬಂದವನಿಗೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಥಂಡಿ ಹಿಡಿದು ಕೆಮ್ಮು ಶುರುವಾಯಿತು. ಅವ್ವ ಪೇಟೆಯ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೆಮ್ಮಿನ ಸಿರಪ್ ತಂದರು. ಆಗಸ್ಟ್ 3, ಕಕ್ಕಡ ಹದಿನೆಂಟು. ಆ ದಿನ ಔಷಧಿ ಗುಣ ತುಂಬಿರುತ್ತದೆಂದು ಕೊಡಗಿನವರು ನಂಬುವ ಮದ್ದುಸೊಪ್ಪಿನ ಪಾಯಸ ಮನೆಯಲ್ಲಿ. ರಾತ್ರಿ ಬೆಂಗಳೂರಿನ ಬಸ್ಸಿಗೆ ಹೊರಟಾಗ, ಕೆಮ್ಮುತ್ತಾ ಕೂತರೆ ಪಕ್ಕದವರಿಗೆ ನಿದ್ದೆಯಿರುವುದಿಲ್ಲ ಎಂದು ಅವ್ವ ಅಂಗಳದಲ್ಲೇ ನಿಲ್ಲಿಸಿ ಇನ್ನೆರಡು ಚಮಚ ಕುಡಿಸಿದರು. ಬೆಳಿಗ್ಗೆ ಶಿಬಿರ ತಲುಪಿದರೆ ಮಾದರಿ ತೆಗೆಯುವವರು ಬಂದು ಕಾದಿದ್ದರು.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಅಂಗಿಯನ್ನು ಎದೆಯವರೆಗೆ ಎತ್ತಿ, ಚಡ್ಡಿಯನ್ನು ಮೊಣಕಾಲಿನವರೆಗೆ ಇಳಿಸಿ, ಇನ್ನೊಬ್ಬ ಗಂಡಸು ನೋಡುತ್ತಿರುವಾಗಲೇ ಕನಿಷ್ಠ 90 ಮಿಲಿಲೀಟರ್ ಮೂತ್ರ ಕೊಡಬೇಕು. ಆಮೇಲೆ ಅದನ್ನು ಆಟಗಾರನೇ ತನ್ನ ಕೈಯಾರೆ 'ಎ' ಮತ್ತು 'ಬಿ' ಎಂಬ ಎರಡು ಬಾಟಲಿಗಳಿಗೆ ಸುರಿದು ಮುಚ್ಚಳ ಬಿಗಿಯಬೇಕು. ನಮ್ಮ ಹುಡುಗ ಲೋಟ ನೋಡಿ ಬೆವೆತುಹೋದ. ಮೂತ್ರ ಕೆಂಪಗಿತ್ತು. ಮದ್ದುಸೊಪ್ಪು ತಿಂದ ಮರುದಿನ ಹಾಗಾಗುವುದು ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ಪರ ಊರಿನ ಅಧಿಕಾರಿಗೆ ಅದನ್ನು ವಿವರಿಸುವುದು ಹೇಗೆ? ಹಿಂದಿನ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧಿಗಳನ್ನು ಬರೆಯಿರಿ ಎಂದಿದ್ದ ಫಾರಂನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಮದ್ದುಸೊಪ್ಪು ಪಾಯಸ' ಎಂದು ಎರಡು ಸಲ ತಿದ್ದಿ ಬರೆದ. ಬಣ್ಣದ ಗಾಬರಿಯಲ್ಲಿ ಸಿರಪ್ ನೆನಪಿಗೇ ಬರಲಿಲ್ಲ.

"ನೆನಪಿಗೆ ಬಂದಿದ್ದರೆ ಬರೆಯುತ್ತಿದ್ದೆಯಾ?" ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. "ಅದನ್ನು ಔಷಧಿ ಅಂದುಕೊಂಡೇ ಇರಲಿಲ್ಲ ಮೇಡಂ. ಅವ್ವ ಕೊಟ್ಟದ್ದು."

ಇಷ್ಟಾದರೂ ಮನೆಯಲ್ಲಿ ಅಜ್ಜಿಯ ಲೆಕ್ಕವೇ ಬೇರೆ. ಫೋನಿನಲ್ಲಿ ಯಾರೋ 'ಉದ್ದೀಪನ ಮದ್ದು' ಎಂದದ್ದು ಕೇಳಿ, ಎಲ್ಲ ಆ ಮದ್ದುಸೊಪ್ಪಿನಿಂದಲೇ ಆಯಿತು ಎಂದು ನಂಬಿ, ಇನ್ನು ಮೇಲೆ ಮನೆಯಲ್ಲಿ ಆ ಪಾಯಸವೇ ಬೇಡ ಎಂದು ಹಟ ಹಿಡಿದಿದ್ದರು. ನಿಷೇಧಿತ ಪಟ್ಟಿಯಲ್ಲಿ ಆ ಸೊಪ್ಪಿನ ಹೆಸರಿಲ್ಲ, ಪತ್ರದಲ್ಲಿ ಅದರ ಸುದ್ದಿಯೂ ಇಲ್ಲ ಎಂದು ಹೇಳಿ ಕಳುಹಿಸಿದೆ. ಹೆಸರಿದ್ದದ್ದು ಸಿರಪ್ಪಿನಲ್ಲಿದ್ದ ಟರ್ಬ್ಯುಟಲಿನ್‌ಗೆ. ಶ್ವಾಸನಾಳ ಸಡಿಲಿಸುವ ಈ ವಸ್ತು ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿದೆ. ಕೆಲವು ನೆಗಡಿ ಮಾತ್ರೆಗಳು ಪಂದ್ಯದ ಅವಧಿಯಲ್ಲಿ ಮಾತ್ರ ತೊಂದರೆ. ಇದು ಹಾಗಲ್ಲ, ವರ್ಷದ ಎಲ್ಲ ದಿನವೂ ನಿಷೇಧ. ಇದೇ ಗುಂಪಿನ ಸಾಲ್ಬುಟಮಾಲ್ ಅನ್ನು ಇನ್‌ಹೇಲರ್‌ನಲ್ಲಿ ಎಳೆದುಕೊಂಡರೆ 24 ಗಂಟೆಗೆ 1600 ಮೈಕ್ರೋಗ್ರಾಂವರೆಗೆ, ಅದರಲ್ಲೂ ಎಂಟು ಗಂಟೆಗೆ 600 ದಾಟದಂತೆ, ಅನುಮತಿಯಿದೆ. ಅದನ್ನೇ ಸಿರಪ್ ಮಾಡಿ ಕುಡಿದರೆ ತಪ್ಪು. ಇಂಥದ್ದನ್ನು ಅಡುಗೆಮನೆಯಲ್ಲಿ ನಿಂತು ಊಹಿಸಲು ಯಾವ ತಾಯಿಗೂ ಸಾಧ್ಯವಿಲ್ಲ. ಆಟಗಾರ ಮಾತ್ರ ತಿಳಿದಿರಬೇಕೆಂದು ನಿಯಮ ಹೇಳುತ್ತದೆ.

ನಿಯಮ ಕಟುವಾದದ್ದು. ದೇಹದೊಳಗೆ ಹೋದದ್ದಕ್ಕೆಲ್ಲ ಆಟಗಾರನೇ ಹೊಣೆ. ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದನ್ನು ಶಿಕ್ಷೆ ಎಷ್ಟೆಂದು ತೀರ್ಮಾನಿಸುವಾಗ ಮಾತ್ರ ಕೇಳುತ್ತಾರೆ. ಹುಡುಗ 2011ರ ಭಾರತದ ರಿಲೇ ಓಟಗಾರ್ತಿಯರ ಪ್ರಕರಣ ಎತ್ತಿದ. ತಮಗೆ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತೆಂದು ಅವರು ವಾದಿಸಿದ್ದರು. ಇಲ್ಲಿ ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. "ಅವರನ್ನೇ ಬಿಡಲಿಲ್ಲ, ನನ್ನನ್ನು ಬಿಡುತ್ತಾರಾ?" ಅವರಲ್ಲಿ ಸಿಕ್ಕಿದ್ದು ಸ್ಟೀರಾಯ್ಡ್, ನಿನ್ನ ವಸ್ತುವಿನ ವರ್ಗ ಬೇರೆ ಎಂದೆ. ಉದ್ದೇಶವಿರಲಿಲ್ಲ, ಅಜಾಗರೂಕತೆ ದೊಡ್ಡದಲ್ಲ ಎಂದು ವಿಚಾರಣಾ ಮಂಡಳಿಗೆ ಮನವರಿಕೆಯಾದರೆ ಬರೀ ಎಚ್ಚರಿಕೆಯಿಂದ ಹಿಡಿದು ಎರಡು ವರ್ಷದವರೆಗೆ ಏನೂ ಆಗಬಹುದು. ಸುಳ್ಳು ಭರವಸೆ ಕೊಡಲಿಲ್ಲ; ಕ್ರೀಡಾ ಪ್ರಕರಣ ಬಲ್ಲ ವಕೀಲರನ್ನು ಹಿಡಿಯಿರಿ, ನಾನು ವಕೀಲಳಲ್ಲ ಎಂದೂ ಹೇಳಿದೆ.

ಅಷ್ಟರಲ್ಲಿ ಮಾವ ಒಬ್ಬರು ಉಪಾಯ ಹುಡುಕಿದ್ದರು: ಗುರುತಿನ ವೈದ್ಯರಿಂದ ಜುಲೈ ತಾರೀಖಿನ ಚೀಟಿ ಬರೆಸಿಕೊಳ್ಳುವುದು. ಅಲ್ಲಿ ನಾನು ಮೆದುವಾಗಲಿಲ್ಲ. ವಿಚಾರಣೆಗೆ ಸುಳ್ಳು ದಾಖಲೆ ಕೊಡುವುದು ಇನ್ನೊಂದು ಅಪರಾಧ, ಅದಕ್ಕೇ ಬೇರೆಯಾಗಿ ನಾಲ್ಕು ವರ್ಷ ಬೀಳಬಹುದು. ಎರಡು ಚಮಚ ಸಿರಪ್ಪಿನ ಹುಡುಗನನ್ನು ಮೋಸಗಾರನನ್ನಾಗಿ ಮಾಡುವ ಕೆಲಸ ಅದು. ಬದಲಾಗಿ ಸಿರಪ್ ಬಾಟಲಿ ಹುಡುಕಿ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೋ ತೆಗೆಯಿರಿ, ಅಂಗಡಿಯ ಬಿಲ್ ಇದ್ದರೆ ತೆಗೆದಿಡಿ, ಬಸ್ ಟಿಕೆಟ್ ಕೂಡ ಎಂದೆ. 'ಬಿ' ಬಾಟಲಿಯನ್ನು ಮರುಪರೀಕ್ಷೆಗೆ ತೆರೆಸುವ ಹಕ್ಕು ಅವನಿಗಿದೆ, ಆದರೆ ಕುಡಿದದ್ದು ಖಚಿತವಿರುವಾಗ ಅದರಿಂದ ಏನು ಸಿಗುತ್ತದೆಂದು ವಕೀಲರೊಡನೆ ಯೋಚಿಸಲಿ. ತಾತ್ಕಾಲಿಕ ಅಮಾನತನ್ನು ತಾನಾಗಿಯೇ ಒಪ್ಪಿಕೊಂಡು ಪಾಲಿಸಿದರೆ ಆ ದಿನಗಳು ಮುಂದಿನ ಶಿಕ್ಷೆಯಲ್ಲಿ ಜಮೆಯಾಗುತ್ತವೆ.

ಎಲ್ಲಕ್ಕಿಂತ ಮೊದಲು ಕೇಳಿದ್ದು ಬೇರೆ ಪ್ರಶ್ನೆ, ಅವನೊಬ್ಬನೇ ಇದ್ದಾಗ: ಸಾಯಬೇಕೆಂದು ಅನಿಸಿದೆಯಾ? ಇದನ್ನು ಸುತ್ತಿ ಬಳಸಿ ಕೇಳಬಾರದು. ಎರಡು ರಾತ್ರಿ ಅನಿಸಿತ್ತು ಎಂದ. ಕೊಡಗಿನ ಮನೆಯಲ್ಲಿ ಕೋವಿ ಇರುವುದು ಹೊಸದೇನಲ್ಲ, ಅದೂ ಆಯುಧ ಪೂಜೆಯ ಹಬ್ಬ ಕೈಲ್‌ಮುಹೂರ್ತ ನಾಲ್ಕು ದಿನಕ್ಕಿತ್ತು. ಅವನಿಗೆ ಹೇಳಿಯೇ ಅಪ್ಪನಿಗೆ ಫೋನ್ ಮಾಡಿದೆ. ಆ ಸಂಜೆಯೇ ಕೋವಿ, ತೋಟಾ ಎರಡೂ ದೊಡ್ಡಪ್ಪನ ಮನೆಗೆ ಹೋದವು. ಆ ವರ್ಷ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಿದ್ದು ಅಲ್ಲೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಕೈಯಿಂದಲೇ ಮೊಬೈಲ್‌ನಲ್ಲಿ ಸೇರಿಸಿದೆ. ಮೂರು ವಾರ ದಿನಕ್ಕೊಂದು ಸಲ ನನಗೆ ಸಂದೇಶ ಕಳುಹಿಸುವುದೆಂದು ಒಪ್ಪಂದವಾಯಿತು. ಒಂದು ದಿನ ಮರೆತ, ನಾನೇ ಫೋನ್ ಮಾಡಿದೆ.

ತಾಯಿಗೆ ಮೂರನೆಯ ಭೇಟಿಯಲ್ಲಿ ಮಾತು ಬದಲಿಸಿ ಹೇಳಿದೆ. "ಕೊಟ್ಟದ್ದು ನೀವು. ಲೇಬಲ್ ಓದದೆ ಕುಡಿದದ್ದು ಅವನು. ಎರಡೂ ನಿಜ." ಅದನ್ನು ಕೇಳಿ ಅವರು ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು, ತಳದಲ್ಲಿ ಒಂದಿಷ್ಟು ಸಿರಪ್ ಇನ್ನೂ ಉಳಿದಿತ್ತು. ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದ. ಟರ್ಬ್ಯುಟಲಿನ್ ಸಲ್ಫೇಟ್. "ಇಲ್ಲೇ ಇದೆಯಲ್ಲ ಅವ್ವ." ಪತ್ರ ಬಂದ ಮೇಲೆ ಅವ್ವ ಎಂದು ಕರೆದದ್ದು ಅದೇ ಮೊದಲು.

ಕೊಡವ ಮನೆತನಗಳ ನಡುವೆ ಬೇಸಿಗೆಯಲ್ಲಿ ನಡೆಯುವ ಕೌಟುಂಬಿಕ ಹಾಕಿಯಲ್ಲಿ ಮನೆತನದ ತಂಡಕ್ಕಾದರೂ ಆಡಬಹುದೇ ಎಂಬುದು ಅವನನ್ನು ಹೆಚ್ಚು ಕಾಡಿದ ಪ್ರಶ್ನೆ, ವಿದೇಶದ ಟೂರ್ನಿ ತಪ್ಪಿದ್ದಕ್ಕಿಂತಲೂ. ಲಿಖಿತವಾಗಿ ಕೇಳಿ ಉತ್ತರ ಬರುವವರೆಗೆ ಕೋಲು ಮುಟ್ಟಬೇಡ ಎಂದೆ. ನಿಷೇಧದ ನಡುವೆ ಆಡಬಾರದ ಕಡೆ ಆಡಿದರೆ ಶಿಕ್ಷೆ ಮತ್ತೆ ಬೆಳೆಯುತ್ತದೆ. ಕಣ್ಣಲ್ಲಿ ನೀರು ಬಂದದ್ದು ಆಗಲೇ.

ತೀರ್ಪು ಇನ್ನೂ ಬಂದಿಲ್ಲ. ಕಳೆದ ವಾರ ತಾಯಿಯ ಫೋನ್ ಬಂತು. ಮಗನಿಗೆ ಮತ್ತೆ ಗಂಟಲು ಕಟ್ಟಿದೆ, ಕರಿಮೆಣಸಿನ ಕಷಾಯ ಕೊಡಬಹುದೇ ಎಂದು ಕೇಳಿದರು. ಅವನನ್ನೇ ಕೇಳಿ ಎಂದೆ.

"ಅವನೇ ಮೆಣಸು ಕುಟ್ಟುತ್ತಿದ್ದಾನೆ ಮೇಡಂ" ಎಂದರು. "ಏನೇನು ಹಾಕಿದೆ ಎಂದು ಪುಸ್ತಕದಲ್ಲಿ ಬರೆದೂ ಇಟ್ಟಿದ್ದಾನೆ."