ಗೋಸುಂಬೆಗೆ ಹುಳ ಹಾಕ್ತೀರಿ ಸರಿ, ಆ ಹುಳಕ್ಕೆ ಏನ್ ಹಾಕ್ತೀರಿ?

ಪ್ರಶ್ನೆ: ನಾವಿರೋದು ಅಮೆರಿಕದ ಡಲ್ಲಾಸ್‌ನಲ್ಲಿ. ಮಗ ಹಠ ಮಾಡಿ ಒಂದು ವೇಲ್ಡ್ ಕಮೀಲಿಯನ್ (ಗೋಸುಂಬೆಯ ಒಂದು ಜಾತಿ) ತಂದಿದಾನೆ, ಇನ್ನೂ ಮರಿ. ಪೆಟ್ ಶಾಪ್‌ನಿಂದ ಕ್ರಿಕೆಟ್ ಹುಳ (ಚಿಮ್ಮಂಡೆ) ತಂದು ಹಾಗೇ ಬಿಡ್ತೀವಿ, ಹೊಟ್ಟೆ ತುಂಬಾ ತಿನ್ನತ್ತೆ, ಆದ್ರೂ ಇತ್ತೀಚೆಗೆ ಮುಂಗಾಲು ಸೊಟ್ಟ ಆದಂಗಿದೆ, ನಾಲಿಗೆ ಚಾಚಿದ್ರೂ ಹುಳ ತಪ್ಪಿ ಹೋಗತ್ತೆ. ಊಟ ಸಾಕಾಗ್ತಿಲ್ವಾ?
– ಒಬ್ಬ ಓದುಗರು

ಉತ್ತರ: ಅಮ್ಮ, ಮೊದಲು ಸರೀಸೃಪಗಳನ್ನ ನೋಡೋ ವೆಟ್ (ಪಶುವೈದ್ಯರು) ಹತ್ರ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ನೀವು ಹೇಳಿರೋದು ಕ್ಯಾಲ್ಸಿಯಂ ಕಮ್ಮಿಯಾಗಿ ಮೂಳೆ ಮೆತ್ತಗಾಗೋ ಲಕ್ಷಣ. ಊಟ ಸಾಲದೆ ಅಲ್ಲ, ಊಟದಲ್ಲಿ ಸತ್ವ ಇಲ್ಲ. ಕ್ರಿಕೆಟ್‌ನಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಎಷ್ಟೋ ಪಟ್ಟು ಜಾಸ್ತಿ, ಗೋಸುಂಬೆಗೆ ಬೇಕಾಗಿರೋದು ಅದರ ಉಲ್ಟಾ. ಅದರ ಮೇಲೆ ಅಂಗಡಿ ಡಬ್ಬಿಲಿ ಉಪವಾಸ ಬಿದ್ದಿರೋ ಹುಳ ಅಂದ್ರೆ ಬರೀ ಸಿಪ್ಪೆ.

ತಂದ ಹುಳಾನ ಗಾಳಿಯಾಡೋ ಡಬ್ಬಿಗೆ ಹಾಕಿ, ಒಳಗೆ ಮೊಟ್ಟೆ ಟ್ರೇ ಇಡಿ, 24ರಿಂದ 48 ಗಂಟೆ ಚೆನ್ನಾಗಿ ತಿನ್ನಿಸಿ ಆಮೇಲೆ ಕೊಡಿ. ಸಾಸಿವೆ ಸೊಪ್ಪು, ಕೊಲಾರ್ಡ್ ಸೊಪ್ಪು (ಕೋಸಿನ ಜಾತಿಯದು), ಇಂಡಿಯನ್ ಸ್ಟೋರ್‌ನಲ್ಲಿ ನುಗ್ಗೆ ಸೊಪ್ಪು ಸಿಕ್ರೆ ಇನ್ನೂ ಒಳ್ಳೇದು, ಜೊತೆಗೆ ಕ್ಯಾರೆಟ್, ಗೆಣಸು. ಪಾಲಕ್ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡಿದಿಟ್ಟುಕೊಂಡುಬಿಡತ್ತೆ. ನೀರಿನ ಬಟ್ಟಲೂ ಬೇಡ, ಬಿದ್ದು ಸಾಯ್ತವೆ, ಸೊಪ್ಪಿನ ತೇವಾನೇ ಸಾಕು.

ಕೊಡೋ ಮುಂಚೆ ಒಂದು ಲೋಟಕ್ಕೆ ಹುಳ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪೌಡರ್ ಉದುರಿಸಿ, ಮೆಲ್ಲಗೆ ತಿರುಗಿಸಿ. ಬೋಂಡಾ ಹಿಟ್ಟಲ್ಲಿ ಅದ್ದಿದಂಗೆ ಆಗ್ಬಾರದು, ಮೈ ಮೇಲೆ ತೆಳ್ಳಗೆ ಬೆಳ್ಳಗೆ ಕಂಡ್ರೆ ಸಾಕು. ದಿನಾ ಹಾಕೋದು ವಿಟಮಿನ್ ಡಿ3 ಇಲ್ಲದ ಪೌಡರ್, ಡಿ3 ಇರೋದನ್ನೂ ಮಲ್ಟಿವಿಟಮಿನ್ನೂ ತಿಂಗಳಿಗೆ ಎರಡು ಸಲ ಮಾತ್ರ, ಅತಿಯಾದ್ರೆ ಅದೇ ವಿಷ. ಈಗ ಕಾಯಿಲೆ ಇರೋದ್ರಿಂದ ಅಳತೆ ವೆಟ್ ಹೇಳಿದಂಗೇ ಮಾಡಿ. ಪಂಜರದಲ್ಲಿ ಯುವಿಬಿ (ಬಿಸಿಲಲ್ಲಿರೋ ಅತಿನೇರಳೆ ಕಿರಣ) ಲೈಟ್ ಇದ್ಯಾ ನೋಡಿ, ಅದಿಲ್ದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಕಿಟಕಿ ಗಾಜಿನ ಹಿಂದಿನ ಬಿಸಿಲಂತೂ ಲೆಕ್ಕಕ್ಕೇ ಇಲ್ಲ.

ಬರೀ ಕ್ರಿಕೆಟ್ಟೇ ಕೊಡ್ಬೇಡಿ. ಡೂಬಿಯಾ ಜಿರಳೆ, ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ (ಇದರಲ್ಲಿ ಕ್ಯಾಲ್ಸಿಯಂ ತಾನಾಗೇ ಇದೆ), ಮತ್ತೆ ನಂಗೆ ತುಂಬಾ ಇಷ್ಟವಾದ ರೇಷ್ಮೆ ಹುಳ. ನಮ್ಮ ರಾಮನಗರ, ಶಿಡ್ಲಘಟ್ಟದಲ್ಲಿ ಗೂಡು ವ್ಯಾಪಾರ ಆಗೋ ಅದೇ ಹುಳ ನಿಮ್ಮಲ್ಲಿ ಸಾಕುಪ್ರಾಣಿ ಆಹಾರ ಅಂತ ಆನ್‌ಲೈನ್‌ನಲ್ಲಿ ಸಿಗತ್ತೆ, ಮೆತ್ತಗಿರತ್ತೆ, ಕೊಬ್ಬು ಕಮ್ಮಿ. ವ್ಯಾಕ್ಸ್ ವರ್ಮ್ (ಮೇಣದ ಪತಂಗದ ಮರಿಹುಳ) ಬರೀ ಕೊಬ್ಬು, ಅಪರೂಪಕ್ಕೆ ಸಾಕು. ಯಾವುದೇ ಹುಳ ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ರಾತ್ರಿ ಉಳಿದ ಕ್ರಿಕೆಟ್ ತೆಗೆದುಬಿಡಿ, ಮಲಗಿರೋ ಪ್ರಾಣೀನ ಕಚ್ತವೆ. ಅಂಗಳದಲ್ಲಿ ಹಿಡಿದ ಹುಳ ಹಾಕ್ಲೇಬೇಡಿ, ಔಷಧಿ ಹೊಡೆದಿರ್ತಾರೆ, ಮಿಂಚುಹುಳ ಅಂತೂ ಒಂದೇ ತಿಂದ್ರೂ ಜೀವ ಹೋಗಬಹುದು. ಮಗನಿಗೆ ಇದನ್ನ ಗಟ್ಟಿಯಾಗಿ ಹೇಳಿ.

ಪ್ರಶ್ನೆ: ನಮ್ಮ ತೋಟದಲ್ಲಿ ಗೋಸುಂಬೆ ಸಿಕ್ಕಿದೆ, ಸಾಕಬಹುದಾ?
– ಮೈಸೂರಿನಿಂದ

ಉತ್ತರ: ಬೇಡ ಸರ್. ನಮ್ಮ ಕಾಡು ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಇಟ್ಟುಕೊಳ್ಳೋದು ಅಪರಾಧ. ಸಿಕ್ಕ ಗಿಡದ ಮೇಲೇ ಬಿಡಿ, ಗಾಯ ಆಗಿದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.